ಲೇಖನ ಕಳುಹಿಸುವ ಮೊದಲು ಇಷ್ಟು ನೋಡಿಕೊಳ್ಳಿ

ನಾನು ವಿಶ್ವವಿದ್ಯಾಲಯವೊಂದರ ಗ್ರಂಥಪಾಲಕಿ. ಪಿಎಚ್‌.ಡಿ. ಮಹಾಪ್ರಬಂಧಗಳ ಸಾಮ್ಯತೆಯನ್ನು, ಅಂದರೆ ಅವು ಬೇರೆ ಬರಹಗಳನ್ನು ಎಷ್ಟು ಹೋಲುತ್ತವೆ ಎಂಬುದನ್ನು ಪರೀಕ್ಷಿಸುವ ಕೆಲಸ ನಮ್ಮದೇ ವಿಭಾಗದ್ದು. ಹಾಗಾಗಿ ಸಂಶೋಧನಾರ್ಥಿಗಳು ಮೊಬೈಲ್ ಹಿಡಿದು ನನ್ನ ಮೇಜಿಗೆ ಬರುತ್ತಾರೆ. ‘ಸಂಶೋಧನಾ ಪತ್ರಿಕೆಯೊಂದರಿಂದ, ಮೂರು ದಿನದಲ್ಲಿ ಪ್ರಕಟಣೆ, ಐಎಸ್‌ಎಸ್‌ಎನ್ ಇದೆ, ಪ್ರಮಾಣಪತ್ರ ಉಚಿತ ಎಂದು ಸಂದೇಶ ಬಂದಿದೆ, ಕಳುಹಿಸಲೇ ಮೇಡಂ?’ ಬೇಡ ಎನ್ನುವುದಷ್ಟೇ ಸಾಲದು, ಏಕೆ ಬೇಡವೆಂದೂ ಹೇಳಬೇಕು.

ಐಎಸ್‌ಎಸ್‌ಎನ್ ಎಂಬುದು ನಿಯತಕಾಲಿಕವನ್ನು ಗುರುತಿಸಲು ಕೊಡುವ ಎಂಟು ಅಂಕಿಗಳ ಸಂಖ್ಯೆ. ಪತ್ರಿಕೆಯ ಗುಣಮಟ್ಟಕ್ಕೆ ಅದು ಸಾಕ್ಷಿಯಲ್ಲ. ‘ಯುಜಿಸಿ ಕೇರ್ ಪಟ್ಟಿಯಲ್ಲಿದೆ’ ಎಂಬ ಮಾತನ್ನೂ ಈಗ ನೆಚ್ಚಬೇಡಿ. ಒಪ್ಪಿತ ಪತ್ರಿಕೆಗಳ ಆ ಪಟ್ಟಿಯನ್ನು ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಕೈಬಿಟ್ಟಿರುವುದಾಗಿ 2025ರ ಫೆಬ್ರವರಿಯಲ್ಲೇ ಪ್ರಕಟಿಸಿದೆ. ಪತ್ರಿಕೆಯನ್ನು ನೀವೇ ಪರೀಕ್ಷಿಸಬೇಕು.

ಸಂಪಾದಕ ಮಂಡಳಿಯಿಂದ ಆರಂಭಿಸಿ. ಎರಡು ಮೂರು ಹೆಸರು ಆರಿಸಿಕೊಂಡು ಅವರು ಕೆಲಸ ಮಾಡುವ ಸಂಸ್ಥೆಯ ಜಾಲತಾಣಕ್ಕೆ ಹೋಗಿ, ಅಲ್ಲಿರುವ ವಿಳಾಸಕ್ಕೆ ನಾಲ್ಕು ಸಾಲಿನ ಇಮೇಲ್ ಬರೆಯಿರಿ. ತಮ್ಮ ಹೆಸರು ಆ ಮಂಡಳಿಯಲ್ಲಿದೆ ಎಂಬುದೇ ಗೊತ್ತಿಲ್ಲದವರೂ ಇರುತ್ತಾರೆ. ಬಳಿಕ ಇತ್ತೀಚಿನ ಸಂಚಿಕೆ ತೆರೆದು ನಿಮ್ಮ ವಿಷಯದ ಲೇಖನವೊಂದನ್ನು ಪೂರ್ತಿ ಓದಿ. ವಚನ ಸಾಹಿತ್ಯ, ರಸಾಯನಶಾಸ್ತ್ರ, ಜಿಎಸ್‌ಟಿ ಮೂರೂ ಒಂದೇ ಸಂಚಿಕೆಯಲ್ಲಿದ್ದರೆ ಅವನ್ನು ಪರಿಶೀಲಿಸಿದ ತಜ್ಞರು ಯಾರಿರಬಹುದು, ಯೋಚಿಸಿ. ಶುಲ್ಕ ಕೇಳಿದ ಮಾತ್ರಕ್ಕೆ ಪತ್ರಿಕೆ ಕೆಟ್ಟದ್ದಲ್ಲ. ಆದರೆ ಎಷ್ಟು ಶುಲ್ಕ, ಯಾವಾಗ ಕೊಡಬೇಕು ಎಂಬುದನ್ನು ಮೊದಲೇ ಬಹಿರಂಗವಾಗಿ ಹೇಳಿರಬೇಕು. ಯಾರು ಬೇಕಾದರೂ ಉಚಿತವಾಗಿ ಓದಬಹುದಾದ ಮುಕ್ತ ಪ್ರವೇಶದ ಪತ್ರಿಕೆಯಾದರೆ, ಅಂಥವನ್ನು ಪಟ್ಟಿಮಾಡುವ ಡಿಒಎಜೆ ಸೂಚಿಯಲ್ಲಿ ಹುಡುಕಿ. ಹೆಸರಾಂತ ಪತ್ರಿಕೆಗಳ ಹೆಸರಿನಲ್ಲೇ ನಕಲಿ ಜಾಲತಾಣಗಳೂ ಇರುವುದರಿಂದ ಸಂದೇಶದಲ್ಲಿ ಬಂದ ಕೊಂಡಿಯನ್ನು ಒತ್ತಲೇಬೇಡಿ.

ಇಷ್ಟೆಲ್ಲ ಶಂಕೆ ಅತಿಯಾಯಿತು ಎನಿಸಿದರೆ 2013ರಲ್ಲಿ ‘ಸೈನ್ಸ್’ ಪತ್ರಿಕೆಗಾಗಿ ಪತ್ರಕರ್ತ ಜಾನ್ ಬೊಹ್ಯಾನನ್ ನಡೆಸಿದ ಪರೀಕ್ಷೆಯನ್ನು ನೋಡಿ. ಎದ್ದು ಕಾಣುವ ತಪ್ಪುಗಳನ್ನು ಬೇಕೆಂದೇ ತುಂಬಿದ ನಕಲಿ ಲೇಖನವನ್ನು ಅವರು 304 ಪತ್ರಿಕೆಗಳಿಗೆ ಕಳುಹಿಸಿದರು. 157 ಪತ್ರಿಕೆಗಳು ಒಪ್ಪಿಕೊಂಡವು.

ಇನ್ನು ಸಾಮ್ಯತಾ ವರದಿ. ಯುಜಿಸಿಯ 2018ರ ನಿಯಮದ ಪ್ರಕಾರ ಸಾಮ್ಯತೆ ಶೇ. 10ರವರೆಗೆ ಇದ್ದರೆ ದಂಡನೆಯಿಲ್ಲ, ಮಹಾಪ್ರಬಂಧದಲ್ಲಿ ಶೇ. 60 ದಾಟಿದರೆ ನೋಂದಣಿಯೇ ರದ್ದು. ಈ ಅಂಕಿಯೇ ಎಲ್ಲ ಎಂದು ತಿಳಿದವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ತಂತ್ರಾಂಶ ಹೊಂದಿಸಿ ನೋಡುವುದು ಅಕ್ಷರಗಳನ್ನು. ಪ್ರಾಮಾಣಿಕತೆಯನ್ನು ಅಳೆಯುವ ಶಕ್ತಿ ಅದಕ್ಕಿಲ್ಲ. ಕನ್ನಡದ ಬರಹದಲ್ಲಿ ಇದು ಇನ್ನೂ ಸೂಕ್ಷ್ಮ. ಯೂನಿಕೋಡ್ ಎಂಬ ಸಾಮಾನ್ಯ ಅಕ್ಷರ ಸಂಕೇತದಲ್ಲಿರದೆ ‘ನುಡಿ’ ಎಂಬ ಹಳೆಯ ಕನ್ನಡ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ ಕಡತ ತಂತ್ರಾಂಶಕ್ಕೆ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ಕಾಣಬಹುದು. ಆಗ ಬರುವ ‘ಶೇ. 1’ ಯಾವುದನ್ನೂ ಸಾಬೀತುಪಡಿಸುವುದಿಲ್ಲ. ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರಗಳು ಕೆಟ್ಟಿವೆಯೇ ಎಂದು ನೋಡಿ, ಆಮೇಲೆ ಪರೀಕ್ಷೆಗೆ ಕೊಡಿ. ಇಂಗ್ಲಿಷ್ ಲೇಖನದ ಪುಟಗಳನ್ನು ಕನ್ನಡಕ್ಕೆ ತಂದು ಮೂಲ ಹೇಳದೆ ಬಿಟ್ಟರೂ ವರದಿ ಸ್ವಚ್ಛವಾಗಿಯೇ ಬರಬಹುದು. ಅದು ಕೃತಿಚೌರ್ಯವೇ. ಟಿಪ್ಪಣಿ ಮಾಡಿಕೊಳ್ಳುವಾಗಲೇ ಪ್ರತಿ ಚೀಟಿಯ ಮೇಲೆ ಪುಟಸಂಖ್ಯೆ ಬರೆದು, ಯಾವುದು ನಿಮ್ಮ ಮಾತು, ಯಾವುದು ಅನುವಾದ ಎಂದು ಗುರುತು ಹಾಕಿ. ಕ್ಷೇತ್ರಕಾರ್ಯದಲ್ಲಿ ಹಾಡು, ಕಥೆ ಹೇಳಿದವರ ಹೆಸರನ್ನು ಅವರ ಒಪ್ಪಿಗೆ ಪಡೆದು ದಾಖಲಿಸಿ. ಅವರ ಹೆಸರು ನುಂಗಿದರೂ ಯಾವ ತಂತ್ರಾಂಶವೂ ಕೂಗುವುದಿಲ್ಲ. ಅದಕ್ಕೇ ಈ ಮಾತನ್ನು ಒತ್ತಿ ಹೇಳುತ್ತೇನೆ.

ಲೇಖಕರ ಹೆಸರಿನ ವಿಷಯ ಎಲ್ಲರಿಗೂ ಮುಜುಗರದ್ದು. ವಿಚಾರದಲ್ಲೋ ಸಾಮಗ್ರಿಯಲ್ಲೋ ಗಣನೀಯ ಪಾಲು, ಬರವಣಿಗೆ ಅಥವಾ ತಿದ್ದುಪಡಿ, ಅಂತಿಮ ರೂಪಕ್ಕೆ ಒಪ್ಪಿಗೆ, ಹೊಣೆಗಾರಿಕೆ: ಈ ನಾಲ್ಕೂ ಇದ್ದವರಷ್ಟೇ ಲೇಖಕರು ಎಂಬುದು ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ನಿಯಮ. ಬೇರೆ ವಿಷಯದವರಿಗೂ ಇದು ಒಳ್ಳೆಯ ಅಳತೆಗೋಲು. ವಿಭಾಗದ ಮುಖ್ಯಸ್ಥರಿಗೆ ಗೌರವ ಸಲ್ಲಿಸುವುದಿದ್ದರೆ ಕೃತಜ್ಞತೆಯ ಸಾಲಿದೆ. ಕೊನೆಯಲ್ಲಿ ‘ಸರ್, ನಿಮ್ಮ ಹೆಸರು ಬೇಡ’ ಎನ್ನುವುದು ಯಾವ ವಿದ್ಯಾರ್ಥಿಗೂ ಕಷ್ಟ. ಆದ್ದರಿಂದ ಕೆಲಸ ಆರಂಭಿಸುವಾಗಲೇ ಯಾರು ಏನು ಮಾಡುತ್ತಾರೆ ಎಂದು ಒಂದು ಹಾಳೆಯಲ್ಲಿ ಬರೆದು ಮಾರ್ಗದರ್ಶಕರಿಗೆ ತೋರಿಸಿ. ಕೃತಕ ಬುದ್ಧಿಮತ್ತೆಯ ನೆರವು ಪಡೆದಿದ್ದರೆ ಅದನ್ನು ಲೇಖನದಲ್ಲೇ ತಿಳಿಸಿ. ಅದು ಲೇಖಕನಾಗಲಾರದು ಎಂದು ‘ಕೋಪ್’ ಎಂಬ ಪ್ರಕಟಣಾ ನೀತಿ ಸಮಿತಿ ಸ್ಪಷ್ಟವಾಗಿ ಹೇಳಿದೆ.

ಒಂದು ಲೇಖನವನ್ನು ಒಂದೇ ಪತ್ರಿಕೆಗೆ ಕಳುಹಿಸಿ. ತಡವಾದರೆ ವಿಚಾರಿಸಿ, ಬೇರೆಡೆಗೆ ಕೊಡುವುದಾದರೆ ಹಿಂಪಡೆಯುತ್ತೇನೆಂದು ಲಿಖಿತವಾಗಿ ತಿಳಿಸಿ, ಉತ್ತರ ಬಂದ ಮೇಲೆ ಕೊಡಿ. ಪ್ರಕಟವಾದ ಮೇಲೆ ನಿಮ್ಮ ಕೋಷ್ಟಕದಲ್ಲಿ ತಪ್ಪು ಕಂಡರೆ, ಬೇರೆಯವರು ಹೇಳಲೆಂದು ಕಾಯದೆ ಸಂಪಾದಕರಿಗೆ ಅಂದೇ ಬರೆಯಿರಿ: ಯಾವ ಪುಟ, ಯಾವ ಅಂಕಿ, ಸರಿಯಾದದ್ದು ಏನು, ತೀರ್ಮಾನ ಬದಲಾಗುತ್ತದೆಯೇ ಇಲ್ಲವೇ. ತೀರ್ಮಾನ ನಿಂತರೆ ತಿದ್ದುಪಡಿ ಸಾಕು, ಬಿದ್ದುಹೋದರೆ ಲೇಖನವನ್ನೇ ಹಿಂಪಡೆಯುವಂತೆ ನೀವೇ ಕೇಳಿ.