ತಲೆ ಮಡಚಿಡುವ ಗುಮಾಸ್ತ: ನನ್ನ ಅನುಭವ

“ಕಥೆಯೇ ಇಲ್ಲದ ಚಿತ್ರವನ್ನು ಯಾರು ನೋಡುತ್ತಾರೆ?” ಎಂದು ಕೇಳಿದವರೇ ಈಗ ಮತ್ತೊಮ್ಮೆ ತೋರಿಸಿ ಎನ್ನುತ್ತಿರುವುದರಿಂದ, ನಾಲ್ಕು ನಿಮಿಷದ ನನ್ನ ಅಸಂಗತ ಅನಿಮೇಷನ್ ಚಿತ್ರ ಹೇಗೆ ಕೈಗೂಡಿತು ಎಂಬುದನ್ನು ಬರೆಯಲು ಧೈರ್ಯ ಬಂದಿದೆ. ಚಿತ್ರದಲ್ಲಿ ನಡೆಯುವುದು ಇಷ್ಟೇ: ಒಬ್ಬ ಗುಮಾಸ್ತ ಕಚೇರಿಗೆ ಬಂದೊಡನೆ ತನ್ನ ತಲೆಯನ್ನು ಕೊಡೆಯಂತೆ ಮಡಚಿ ಬಾಗಿಲ ಬಳಿಯ ಬುಟ್ಟಿಯಲ್ಲಿಡುತ್ತಾನೆ, ಒಂದು ಸಂಜೆ ಮರೆತು ಬೇರೊಬ್ಬರ ತಲೆ ತೊಟ್ಟು ಮನೆಗೆ ಹೋಗುತ್ತಾನೆ, ಮನೆಯಲ್ಲಿ ಯಾರಿಗೂ ಅದು ಗೊತ್ತಾಗುವುದಿಲ್ಲ.

ಮೊದಲ ಆವೃತ್ತಿಯಲ್ಲಿ ತಲೆಯೊಂದೇ ಅಲ್ಲ, ಎಲ್ಲವೂ ವಿಚಿತ್ರವಾಗಿತ್ತು. ಗೋಡೆ ಕರಗುತ್ತಿತ್ತು, ಮೀನುಗಳು ಕಡತ ಓದುತ್ತಿದ್ದವು, ಗಡಿಯಾರಕ್ಕೆ ಹಲ್ಲು ಮೂಡುತ್ತಿತ್ತು. ಎರಡು ಫ್ರೇಮಿಗೊಂದರಂತೆ (ಫ್ರೇಮ್ ಎಂದರೆ ತೆರೆಯ ಮೇಲೆ ಒಂದರ ಹಿಂದೊಂದು ಬರುವ ಸ್ಥಿರಚಿತ್ರ, ಸೆಕೆಂಡಿಗೆ 24), ಸೆಕೆಂಡಿಗೆ 12ರ ಲೆಕ್ಕದಲ್ಲಿ, ಸುಮಾರು 2,800 ಚಿತ್ರ ಬರೆದಿದ್ದೆ. ಆರೇಳು ಗೆಳೆಯರಿಗೆ ತೋರಿಸಿದಾಗ ಮೊದಲ ಇಪ್ಪತ್ತು ಸೆಕೆಂಡು ನಕ್ಕರು. ನಿಮಿಷ ಕಳೆಯುವಷ್ಟರಲ್ಲಿ ಒಬ್ಬೊಬ್ಬರಾಗಿ ಮೊಬೈಲ್ ತೆಗೆದರು. ಏನು ಬೇಕಾದರೂ ಆಗಬಹುದಾದ ಲೋಕದಲ್ಲಿ ಏನೇ ಆದರೂ ಯಾರಿಗೂ ಅಚ್ಚರಿಯಾಗದು ಎಂಬುದು ನನಗೆ ಹೊಳೆಯಲು ಮತ್ತೆ ಎಂಟು ತಿಂಗಳು ಹಿಡಿಯಿತು.

ಅಷ್ಟರಲ್ಲಿ ಹಣವೂ ಕರಗಿತ್ತು. ಕೂಡಿಟ್ಟಿದ್ದರಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಸಂಗೀತಕ್ಕೆ ಸುರಿದೆ. ‘ಇಲ್ಲಿ ನಗಿ, ಇಲ್ಲಿ ಬೆಚ್ಚಿಬೀಳಿ’ ಎಂದು ಪ್ರೇಕ್ಷಕರಿಗೆ ಹೇಳಿಕೊಡುತ್ತಿದ್ದ ಆ ಸಂಗೀತದ ಒಂದು ಸ್ವರವೂ ಈಗ ಚಿತ್ರದಲ್ಲಿಲ್ಲ. ಉಳಿದದ್ದರಲ್ಲಿ ದೊಡ್ಡ ಪಾಲನ್ನು ಕ್ಲೇ ಪ್ರಯೋಗ, ಅಂದರೆ ಮೆತ್ತನೆಯ ಜೇಡಿಯ ಬೊಂಬೆಯನ್ನು ಫ್ರೇಮಿಗೊಮ್ಮೆ ತಿದ್ದುತ್ತ ಚಲಿಸುವಂತೆ ಮಾಡುವ ಪ್ರಯತ್ನ, ನುಂಗಿತು. ಚೆಕ್ ನಿರ್ದೇಶಕ ಯಾನ್ ಶ್ವಾಂಕ್‌ಮಾಯರ್ ಅವರ 1982ರ ಅನಿಮೇಷನ್ ಚಿತ್ರ ‘ಡೈಮೆನ್ಷನ್ಸ್ ಆಫ್ ಡೈಲಾಗ್’ ನೋಡಿದ ಹುರುಪಿನಲ್ಲಿ ತಲೆಯನ್ನಷ್ಟೇ ಕ್ಲೇನಲ್ಲಿ ಮಾಡಲು ಹೊರಟಿದ್ದೆ. ನಲವತ್ತನೆಯ ಫ್ರೇಮಿನ ಹೊತ್ತಿಗೆ ದೀಪದ ಕಾವಿಗೆ ಮೂಗು ಜೋತುಬಿದ್ದಿತ್ತು. ಆದರೂ ಆ ಚಿತ್ರವನ್ನು ಹತ್ತಾರು ಬಾರಿ ನೋಡಿದ್ದು ವ್ಯರ್ಥವಾಗಲಿಲ್ಲ. ಅದರ ಮೊದಲ ಭಾಗದಲ್ಲಿ ತರಕಾರಿ, ಪಾತ್ರೆ, ಪುಸ್ತಕಗಳಿಂದ ಜೋಡಿಸಿದ ತಲೆಗಳು ಒಂದನ್ನೊಂದು ನುಂಗಿ ಉಗುಳುತ್ತ, ಪ್ರತಿ ಸಲವೂ ಇನ್ನಷ್ಟು ನುಣ್ಣಗೆ ಅರೆದುಹೋಗಿ, ಕೊನೆಗೆ ಒಂದೇ ಅಚ್ಚಿನ ತಲೆಗಳಾಗಿಬಿಡುತ್ತವೆ. ನಿಯಮ ಒಂದೇ, ಅದು ಎಲ್ಲಿಯೂ ಸಡಿಲುವುದಿಲ್ಲ. ಫ್ರಾನ್ಸಿನ ಅನಿಮೇಷನ್ ಕಲಾವಿದ ಎಮಿಲ್ ಕೋಲ್ 1908ರಲ್ಲಿ ಸುಮಾರು 700 ಚಿತ್ರ ಬರೆದು ಮಾಡಿದ ‘ಫ್ಯಾಂಟಸ್ಮಗೋರಿ’ಯಲ್ಲಿಯೂ ಸೀಸೆ ಹೂವಾಗಬಹುದು, ಆದರೆ ಕಪ್ಪು ಹಿನ್ನೆಲೆಯ ಮೇಲಿನ ಬಿಳಿ ಗೆರೆ ಮಾತ್ರ ಕೊನೆಯವರೆಗೂ ಅದೇ ಗೆರೆ.

ಅಲ್ಲಿಂದ ಮೀನು, ಗಡಿಯಾರ, ಗೋಡೆ ಎಲ್ಲವನ್ನೂ ತೆಗೆದೆ. 1,700ರಷ್ಟು ಚಿತ್ರಗಳು ಕಸಕ್ಕೆ ಹೋದವು. ಮಡಚುವ ತಲೆಯೊಂದನ್ನು ಉಳಿಸಿ, ಅದರ ಸುತ್ತಲಿನ ನೆರಳು, ನಡಿಗೆ, ಕುರ್ಚಿಯ ಕಿರಗುಟ್ಟುವಿಕೆಗಳನ್ನು ಒಬ್ಬ ಲೆಕ್ಕಿಗನ ನಿಷ್ಠೆಯಿಂದ ನೈಜವಾಗಿಸಿದೆ. ಯಾವ ಪಾತ್ರವೂ ಅಚ್ಚರಿಪಡಕೂಡದು ಎಂದು ನಿರ್ಧರಿಸಿದೆ, ಹುಬ್ಬು ಕೂಡ ಏರಬಾರದು. ತಲೆ ಮಡಚುವಾಗಿನ ಸದ್ದಿಗೆ ನಿಜವಾದ ಕೊಡೆಯನ್ನೇ ಬಳಸಿದೆ. ಬಿಚ್ಚುವಾಗಿನ ಸದ್ದಿಗೆ ಬಳಸಿದ ವಸ್ತು ಮಾತ್ರ ನನ್ನ ಗುಟ್ಟು.

ನಡುವೆ ಇನ್ನೊಂದು ಹುಚ್ಚು ಹತ್ತಿತು. ತಲೆ ಬುಟ್ಟಿಗೆ ಬಿದ್ದ ಮೇಲೆ ದೃಶ್ಯವನ್ನು ಅಲುಗಾಡದಂತೆ ಹಿಡಿದಿಟ್ಟು, ಅವಧಿಯನ್ನು ಹಿಗ್ಗಿಸುತ್ತ ಹೋದೆ. ಹನ್ನೆರಡು ಫ್ರೇಮಿಗೆ ಯಾರೂ ನಗಲಿಲ್ಲ, ಮೂವತ್ತರ ಆಸುಪಾಸಿನಲ್ಲಿ ನಕ್ಕರು, ಇನ್ನೂ ಹಿಗ್ಗಿಸಿದರೆ ನಗು ನಿಂತು ಕೋಣೆಯಲ್ಲಿ ಒಂದು ಬಗೆಯ ಅಳುಕು ಹರಡಿತು. ಆ ಗಡಿ ಎಷ್ಟನೆಯ ಫ್ರೇಮಿನಲ್ಲಿದೆ ಎಂಬುದು ನನ್ನ ಟಿಪ್ಪಣಿ ಪುಸ್ತಕದಲ್ಲಿದೆ, ಅಲ್ಲಿಯೇ ಇರಲಿ. ಚಿತ್ರದ ಕೊನೆಯ ದೃಶ್ಯ ನಿಂತಿರುವುದು ಅದರ ಮೇಲೆಯೇ.

ಕಳೆದ ತಿಂಗಳು ಅದೇ ಗೆಳೆಯರನ್ನು ಕೂರಿಸಿ ತೋರಿಸಿದೆ. ಯಾರ ಮೊಬೈಲೂ ಹೊರಬರಲಿಲ್ಲ. ದೀಪ ಹಾಕಿದಾಗ, ಕಥೆ ಎಲ್ಲಿ ಎಂದು ಹಿಂದೆ ಎಲ್ಲರಿಗಿಂತ ಜೋರಾಗಿ ಕೇಳಿದ್ದವರು ಸುಮ್ಮನೆ ತಮ್ಮ ಕುತ್ತಿಗೆಯನ್ನು ಸವರಿಕೊಳ್ಳುತ್ತಿದ್ದರು.