ಹಿಮದ ನಡುವೆ ಬದನೆ ಒಟ್ಲು

2018ರ ಏಪ್ರಿಲ್ 15, ಭಾನುವಾರ. ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ಹಿತ್ತಲು ತೋರಿಸಿದೆ. ಮೊಣಕಾಲುದ್ದ ಹಿಮ, ಅದರ ನಡುವೆ ನನ್ನ ಪುಟ್ಟ ಗ್ರೀನ್‌ಹೌಸ್. "ಅಲ್ಲಾ ಕಣೋ, ಇದರೊಳಗೆ ಒಟ್ಲು ಹಾಕಿದೀಯಾ? ಬುದ್ಧಿ ಇದೆಯಾ ನಿಂಗೆ?" ಅಂದಳು. ನಾನು ನಕ್ಕೆ. ಒಳಗೆ ಬದನೆ ಸಸಿಗಳೆಲ್ಲ ಸತ್ತು ಮಲಗಿರೋದನ್ನು ಮಾತ್ರ ತೋರಿಸಲಿಲ್ಲ.

ನಾವಿರೋದು ಮಿನ್ನೆಸೋಟಾದ ಮಿನಿಯಾಪೊಲಿಸ್ ಪಕ್ಕ. ಇಲ್ಲಿ ಟೊಮೆಟೊ, ಬದನೆ, ಮೆಣಸಿನಕಾಯಿ ಹೊರಗೆ ನಾಟಿ ಮಾಡಲು ಮೇ ಕೊನೆವರೆಗೆ ಕಾಯಬೇಕು. ಅಕ್ಟೋಬರ್ ಹೊತ್ತಿಗೆ ಮತ್ತೆ ಎಲೆ ಮೇಲೆ ಮಂಜು ಹೆಪ್ಪುಗಟ್ಟುತ್ತದೆ. ನಡುವೆ ಸಿಗೋದು ನಾಲ್ಕೇ ತಿಂಗಳು. ನೇರವಾಗಿ ನೆಲಕ್ಕೆ ಬೀಜ ಹಾಕಿದರೆ ಬದನೆ ಹೂ ಬಿಡೋ ಹೊತ್ತಿಗೆ ಚಳಿ ಬಾಗಿಲಲ್ಲಿ ನಿಂತಿರುತ್ತದೆ. ಅದಕ್ಕೇ ಮಾರ್ಚ್ ಮಧ್ಯದಲ್ಲೇ ಬೀಜ ಹಾಕಬೇಕು. ಆ ವರ್ಷ ಏಪ್ರಿಲ್ ಒಂದೇ ತಿಂಗಳಲ್ಲಿ ಎರಡು ಅಡಿಗೂ ಜಾಸ್ತಿ ಹಿಮ ಬಿತ್ತು.

ನನ್ನ ಗ್ರೀನ್‌ಹೌಸ್ 8 ಅಡಿ ಅಗಲ, 10 ಅಡಿ ಉದ್ದ. 6 ಮಿ.ಮೀ. ದಪ್ಪದ, ಎರಡು ಪದರದ ಪಾಲಿಕಾರ್ಬೊನೇಟ್ ಹಾಳೆ. ಗ್ರೀನ್‌ಹೌಸ್ ಅಂದರೆ ಒಳಗೆ ಬೆಚ್ಚಗಿರುತ್ತೆ ಅಂತ ನಾನೂ ನಂಬಿದ್ದೆ. ಹಗಲಲ್ಲಿ ಅದು ನಿಜ. ರಾತ್ರಿ ಹಾಗಲ್ಲ. ಸೂರ್ಯ ಮುಳುಗಿ ಸ್ವಲ್ಪ ಹೊತ್ತಾದರೆ ಒಳಗೂ ಹೊರಗೂ ಎರಡು ಮೂರು ಡಿಗ್ರಿ ವ್ಯತ್ಯಾಸ, ಅಷ್ಟೇ.

ಸರಿ, 1500 ವ್ಯಾಟ್‌ನ ಹೀಟರ್ ಇಟ್ಟೆ. ರಾತ್ರಿ 12 ಗಂಟೆ ಓಡಿದರೆ 18 ಯೂನಿಟ್ ಕರೆಂಟ್. ಅಷ್ಟಾದರೂ ಗಾಳಿ 6 ಡಿಗ್ರಿ ದಾಟುತ್ತಿರಲಿಲ್ಲ. ಬಿಸಿಯೆಲ್ಲ ಹಾಳೆಯಿಂದ ಆಚೆ ಹೋಗುತ್ತಿತ್ತು, ಊರಿಗೆಲ್ಲ ಬಿಸಿ ಕಾಯಿಸಿದ ಹಾಗೆ. ಆ ಶನಿವಾರ ರಾತ್ರಿ ಹಿಮಗಾಳಿ ಬೀಸುವಾಗ ಬ್ರೇಕರ್ ಟ್ರಿಪ್ ಆಯಿತು. ನಾವು ಮಲಗಿದ್ದೆವು. ಬೆಳಗ್ಗೆ ಹೋಗಿ ನೋಡಿದರೆ ಬದನೆ ಎಲೆಗಳು ಬೇಯಿಸಿದ ಸೊಪ್ಪಿನ ಹಾಗೆ ಕಪ್ಪಗೆ ಜೋತು ಬಿದ್ದಿದ್ದವು. ಪಕ್ಕದ ಟ್ರೇಯಲ್ಲಿ ಪಾಲಕ್, ಬಟಾಣಿ ಏನೂ ಆಗೇ ಇಲ್ಲ ಅನ್ನೋ ಹಾಗೆ ನಿಂತಿದ್ದವು! ಒಂದೇ ಚಳಿ, ಒಂದೇ ರಾತ್ರಿ.

ಅಲ್ಲಿಂದ ನನ್ನ ಲೆಕ್ಕ ಬದಲಾಯಿತು. ಗ್ರೀನ್‌ಹೌಸಿನ ಗಾಳಿ ಕಾಯಿಸೋದು ಬಿಟ್ಟು ಸಸಿಯ ಬುಡ ಕಾಯಿಸಲು ಶುರು ಮಾಡಿದೆ.

ಮೊಳಕೆ ಈಗ ಮನೆಯೊಳಗೇ. ಬದನೆಗೆ, ಮೆಣಸಿನಕಾಯಿಗೆ 27-28 ಡಿಗ್ರಿ ಬೇಕು. ಊರಲ್ಲಿ ಅಮ್ಮ ಬೀಜವನ್ನು ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ಒಲೆ ಪಕ್ಕ ಇಡುತ್ತಿದ್ದಳು. ನಾನು ಹಳೇ ಪಂಚೆ ತುಂಡಲ್ಲಿ ಕಟ್ಟಿ ವೈಫೈ ರೌಟರ್ ಮೇಲೆ ಇಡುತ್ತೇನೆ, ಕೆಳಗೊಂದು ತಟ್ಟೆ ಇಟ್ಟು. ದಿನಾ ಬಿಚ್ಚಿ ನೋಡಬೇಕು. ಎಳ್ಳಿನ ತುದಿಯಷ್ಟು ಬಿಳಿ ಮೂತಿ ಕಂಡ ದಿನವೇ ಮಣ್ಣಿಗೆ ಹಾಕಬೇಕು, ಒಂದು ದಿನ ತಡವಾದರೂ ಬೇರು ಬಟ್ಟೆಗೆ ಹೆಣೆದುಕೊಂಡು ಮುರಿಯುತ್ತದೆ. (ಮೈಸೂರಿನ ಈರನಗೆರೆ ಬದನೆ ಬೀಜ ತರೋ ಆಸೆ ಇತ್ತು. ಅಮೆರಿಕಕ್ಕೆ ಬೀಜವನ್ನು ಸುಮ್ನೆ ಜೇಬಲ್ಲಿ ಹಾಕಿಕೊಂಡು ಬರೋ ಹಾಗಿಲ್ಲ, ಕಾಗದಪತ್ರ ಬೇಕು. ಇಲ್ಲೇ ಸಿಗೋ ಉದ್ದ ಬದನೆಗೆ ಒಗ್ಗಿಕೊಂಡಿದ್ದೇನೆ.)

ಮೊಳಕೆ ಜೊತೆಗೇ ಬರೋ ಬೀಜದೆಲೆ ಬಿಟ್ಟು, ಎರಡು ನಿಜವಾದ ಎಲೆ ಬಂದ ಮೇಲೆ ಟ್ರೇ ಗ್ರೀನ್‌ಹೌಸಿಗೆ ಹೋಗುತ್ತದೆ. ಮೇಜಿನ ಮೇಲೆ ಥರ್ಮೊಕೋಲ್ ಹಾಳೆ, ಅದರ ಮೇಲೆ ಸಸಿಗೆಂದೇ ಸಿಗೋ ಹೀಟ್ ಮ್ಯಾಟ್, ಅದರ ಮೇಲೆ ಟ್ರೇ. ತಂತಿ ಬಗ್ಗಿಸಿ ಕಮಾನು ಮಾಡಿ, ಮೇಲೆ ಚಳಿ ತಡೆಯೋ ತೆಳು ಬಿಳಿ ಬಟ್ಟೆ. ಗ್ರೀನ್‌ಹೌಸಿನೊಳಗೊಂದು ಸೊಳ್ಳೆ ಪರದೆ ಕಟ್ಟಿದ ಹಾಗೆ. ಒಂದು ಮ್ಯಾಟ್ 20 ವ್ಯಾಟ್, ನಾಲ್ಕಿದ್ದರೂ ರಾತ್ರಿಗೆ ಒಂದು ಯೂನಿಟ್. ಒಂದು ರಾತ್ರಿ ಅಳತೆ ಬರೆದಿಟ್ಟೆ: ಗ್ರೀನ್‌ಹೌಸಿನ ಗಾಳಿ 5 ಡಿಗ್ರಿ, ಬಟ್ಟೆ ಒಳಗೆ 9, ಮಣ್ಣು 17. ಹೀಟರ್ ಈಗಲೂ ಇದೆ, ಆದರೆ 4 ಡಿಗ್ರಿಗೆ ಸೆಟ್ ಮಾಡಿ ಬಿಟ್ಟಿದ್ದೇನೆ.

ಜೊತೆಗೆ 200 ಲೀಟರಿನ ಎರಡು ಡ್ರಮ್, ಕಪ್ಪು ಬಣ್ಣ ಬಳಿದು, ತುಂಬ ನೀರು. ಹಗಲ ಬಿಸಿಲಿಗೆ 15 ಡಿಗ್ರಿ ಆದ ನೀರು ಬೆಳಗಿನ ಜಾವಕ್ಕೆ 5ಕ್ಕೆ ಇಳಿದರೆ ಎರಡೂ ಸೇರಿ ನಾಲ್ಕೂವರೆ ಯೂನಿಟ್ ಶಾಖ ಬಿಟ್ಟಂತೆ. ಹೀಟರ್ ಮೂರು ಗಂಟೆ ಓಡಿದ್ದಕ್ಕೆ ಸಮ, ಬಿಟ್ಟಿ. ಮೂರು ದಿನ ಮೋಡ ಮುಚ್ಚಿದರೆ ಮಾತ್ರ ಅವು ಸುಮ್ನೆ ಜಾಗ ತಿನ್ನುತ್ತವೆ. ಅಂಥ ವಾರದಲ್ಲಿ ಟ್ರೇಗಳನ್ನೆಲ್ಲ ಹೊತ್ತು ತಂದು ಬಾತ್‌ಟಬ್‌ನಲ್ಲಿ ಇಡುತ್ತೇನೆ. ಮಕ್ಕಳಿಗೆ ಸ್ನಾನ ತಪ್ಪಿದ ಖುಷಿ.

ಒಂದು ವಿಷಯ ತಿಳಿಯಲು ಎರಡು ವರ್ಷ ಹಿಡಿಯಿತು. ಟೊಮೆಟೊ ಎಲೆಯ ಹಿಂಬದಿ ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು. ಗೊಬ್ಬರ ಸಾಲದು ಅಂತ ಹಾಕುತ್ತಲೇ ಹೋದೆ. ಆ ನೇರಳೆ ಸಸಿಗೆ ರಂಜಕ (ಫಾಸ್ಫರಸ್) ಸಿಗುತ್ತಿಲ್ಲ ಅನ್ನೋದರ ಗುರುತು. ಮಣ್ಣಲ್ಲಿ ಅದು ಬೇಕಾದಷ್ಟಿತ್ತು, ತಣ್ಣಗಾದ ಬೇರಿಗೆ ಹೀರಲು ಆಗುತ್ತಿರಲಿಲ್ಲ. ತಣ್ಣೀರೂ ನಾನೇ ಹುಯ್ಯುತ್ತಿದ್ದೆ, ನಲ್ಲಿಯಿಂದ ನೇರ. ಮ್ಯಾಟ್ ಬಂದು, ನೀರನ್ನು ಹಿಂದಿನ ದಿನವೇ ತುಂಬಿ ಒಳಗಿಟ್ಟು ಹುಯ್ದ ಮೇಲೆ ಹೊಸ ಎಲೆ ಹಸಿರಾಗೇ ಬಂತು. ಈಗ ಟ್ರೇಯ ಕೆಳಗಿಂದ ನೀರು ಕುಡಿಸುತ್ತೇನೆ. ಮೇಲೆ ಹುಯ್ದರೆ ಮಣ್ಣಿನ ಮೇಲ್ಮೈ ಸದಾ ಒದ್ದೆ ಇದ್ದು, ಸಸಿ ಬುಡದಲ್ಲಿ ದಾರದಷ್ಟು ಸಣ್ಣಗಾಗಿ ಮಕಾಡೆ ಬೀಳುತ್ತದೆ. ಒಂದು ಸಣ್ಣ ಫ್ಯಾನ್ ಸದಾ ತಿರುಗುತ್ತಿದ್ದರೆ ಆ ಕೊಳೆ ರೋಗ ಬಹಳ ಕಡಿಮೆ.

ಇನ್ನು ಬಿಸಿಲು. ಚಳಿಗೆ ಒಂದೇ ಸಲ ಸಸಿ ಕಳೆದುಕೊಂಡಿದ್ದೇನೆ, ಬಿಸಿಲಿಗೆ ಮೂರು ಸಲ. ಹೊರಗೆ ಸೊನ್ನೆ ಡಿಗ್ರಿ, ನೆಲದ ತುಂಬ ಹಿಮ, ಆಕಾಶ ಮಾತ್ರ ಶುಭ್ರ. ಹನ್ನೊಂದು ಗಂಟೆಗೆ ಒಳಗೆ 38! ನಾನು ಆಫೀಸಿನಲ್ಲಿ. ಸಂಜೆಗೆ ಎಲೆಗಳು ಹಪ್ಪಳ. ಈಗ ಚಾವಣಿಯ ಕಿಟಕಿಗೆ ತಾನೇ ತೆರೆಯೋ ಸಾಧನ ಹಾಕಿದ್ದೇನೆ. ಕರೆಂಟು ಬೇಡ, ಅದರೊಳಗಿನ ಮೇಣ ಬಿಸಿಗೆ ಹಿಗ್ಗಿ ಕಿಟಕಿಯನ್ನು ಎತ್ತುತ್ತದೆ. ಇದ್ದ ಖರ್ಚಿನಲ್ಲಿ ಇದೇ ಸಾರ್ಥಕ. ಆದರೆ ರಾತ್ರಿ ಹಿಮ ಬಿದ್ದಿದ್ದರೆ ಬೆಳಗ್ಗೆ ಮೃದು ಪೊರಕೆಯಲ್ಲಿ ಗುಡಿಸಬೇಕು. ಒದ್ದೆ ಹಿಮದ ಭಾರಕ್ಕೆ ಕಿಟಕಿ ಏಳೋದಿಲ್ಲ, ಜಾಸ್ತಿಯಾದರೆ ಚಾವಣಿಯೇ ಬಗ್ಗುತ್ತದೆ. ಗೋಡೆಗೆ ಒರಗಿದ ಹಿಮವನ್ನು ಮಾತ್ರ ಹಾಗೇ ಬಿಡುತ್ತೇನೆ, ಅದು ಕಂಬಳಿ ಇದ್ದ ಹಾಗೆ.

ಮೇ ಎರಡನೇ ವಾರದಿಂದ ಸಸಿಗಳಿಗೆ ಹೊರಗಿನ ಗಾಳಿ ರೂಢಿ ಮಾಡಿಸುತ್ತೇನೆ. ಮೊದಲ ದಿನ ನೆರಳಲ್ಲಿ ಒಂದು ಗಂಟೆ, ಆಮೇಲೆ ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ. ತಿಂಗಳ ಕೊನೆಗೆ ನಾಟಿ. ಆಗಸ್ಟ್‌ನಲ್ಲಿ ಎಣ್ಣೆಗಾಯಿ.

ಅವರೆಗೆ ಮಾತ್ರ ಇನ್ನೂ ದಾರಿ ಸಿಕ್ಕಿಲ್ಲ. ಗ್ರೀನ್‌ಹೌಸಲ್ಲಿ ಎಷ್ಟೇ ಬೇಗ ಮೊಳಕೆ ಬರಿಸಿದರೂ, ಹಗಲು ಚಿಕ್ಕದಾಗೋವರೆಗೆ ಹೂ ಬಿಡಲ್ಲ ಅಂತ ಹಟ ಹಿಡಿಯುತ್ತದೆ. ಸೆಪ್ಟೆಂಬರಲ್ಲಿ ಹೂ, ಅಕ್ಟೋಬರಲ್ಲಿ ಮಂಜು. ಹೋದ ವರ್ಷ ಸಿಕ್ಕಿದ್ದು ಒಂದು ಹಿಡಿ. ಅಮ್ಮನಿಗೆ ತೋರಿಸಿದರೆ, "ಸೊಗಡಿದೆಯೇನೋ?" ಅಂತ ಅಷ್ಟೇ ಕೇಳಿದಳು. ಇರಲಿಲ್ಲ.