ಧಾರಣೆಯ ಸಾಲಿನಲ್ಲಿ ಹೆಸರನ್ನೂ ದರವನ್ನೂ ಒಂದೇ ಗೆರೆಗೆ ತರುವುದು

ಶಿರಸಿ ಪೇಟೆಯ ಅಡಿಕೆ ಧಾರಣೆಯನ್ನು ತೋರಿಸುವ ಮೊಬೈಲ್ ಆ್ಯಪ್ ಒಂದನ್ನು ಸಿದ್ಧಪಡಿಸುತ್ತಿದ್ದೇವೆ ಎಂದಿಟ್ಟುಕೊಳ್ಳಿ. ರಾಶಿ, ಚಾಲಿ, ಬೆಟ್ಟೆ, ಬಿಳಿಗೋಟು ಎಂಬ ಅಡಿಕೆ ಬಗೆಗಳ ಹೆಸರುಗಳು ಎಡಕ್ಕೆ 14 ಎಸ್‌ಪಿ (ಆಂಡ್ರಾಯ್ಡ್‌ನಲ್ಲಿ ಅಕ್ಷರದ ಗಾತ್ರ ಹೇಳುವ ಅಳತೆ) ಗಾತ್ರದಲ್ಲಿಯೂ ಕ್ವಿಂಟಲ್ ದರ ಬಲಕ್ಕೆ 24 ಎಸ್‌ಪಿ ಗಾತ್ರದಲ್ಲಿಯೂ ಇರುತ್ತವೆ. ಎರಡನ್ನೂ ಸಾಲಿನ ನಡುವಿಗೆ ಹೊಂದಿಸಿದರೆ ಅವುಗಳನ್ನು ಸುತ್ತುವರಿದ ಕಾಣದ ಪೆಟ್ಟಿಗೆಗಳ ಮಧ್ಯ ಒಂದಾಗುತ್ತದೆಯೇ ಹೊರತು ಅಕ್ಷರಗಳು ಕೂರುವ ಗೆರೆ ಒಂದಾಗುವುದಿಲ್ಲ. ಎರಡೂ ರೊಬೊಟೊ ಫಾಂಟ್‌ನಲ್ಲಿಯೇ ಇದ್ದರೂ ದೊಡ್ಡ ಅಕ್ಷರ 3ರಿಂದ 4 ಎಸ್‌ಪಿಯಷ್ಟು ಕೆಳಗೆ ಕೂರುತ್ತದೆ. ಹೆಸರು ಬೇರೆ ಅಳತೆಯ ಕನ್ನಡ ಫಾಂಟ್‌ನಲ್ಲಿದ್ದರೆ ಈ ವ್ಯತ್ಯಾಸವೂ ಬದಲಾಗುತ್ತದೆ.

ಅಕ್ಷರ ಕೂರುವ ಈ ಗೆರೆಯೇ ಬೇಸ್‌ಲೈನ್. ‘ಬೆಟ್ಟೆ’ಯ ಒತ್ತು ಅದರ ಕೆಳಗೆ ಇಳಿಯುತ್ತದೆ, ‘ಚಾಲಿ’ಯಲ್ಲಿ ಇಳಿಯುವಂಥದ್ದೇನೂ ಇಲ್ಲ; ಆದ್ದರಿಂದ ಅಕ್ಷರದ ಕೆಳತುದಿಯನ್ನು ನೋಡಿ ಕಣ್ಣಳತೆಯಲ್ಲಿ ಹೊಂದಿಸಲು ಹೊರಟರೆ ಕನ್ನಡದಲ್ಲಿ ಮೋಸಹೋಗುವುದು ಖಂಡಿತ. ಹೆಸರಿನ ಮೇಲೆ ಒಂದಿಷ್ಟು ಖಾಲಿ ಜಾಗ (ಪ್ಯಾಡಿಂಗ್) ಕೊಟ್ಟು ಸರಿಪಡಿಸುವ ರೂಢಿಯೂ ಇದೆ. ಆದರೆ ಕಣ್ಣು ಮಂಜಾದ ತೋಟಿಗರೊಬ್ಬರು ಫೋನಿನ ಅಕ್ಷರವನ್ನು ಹಿಗ್ಗಿಸಿದ ಕೂಡಲೇ ಆ ಲೆಕ್ಕ ಕೆಡುತ್ತದೆ. ಆಂಡ್ರಾಯ್ಡ್ 14ರಲ್ಲಿ ಅಕ್ಷರವನ್ನು ಶೇ. 200ರವರೆಗೆ ಹಿಗ್ಗಿಸಬಹುದು.

ಇದರ ಬದಲು ಬೇಸ್‌ಲೈನ್‌ಗೇ ಹೊಂದಿಸುವ ದಾರಿ ಆ್ಯಪ್ ಕಟ್ಟುವ ಪ್ರತಿ ಸಾಧನದಲ್ಲಿಯೂ ಇದೆ. ಆಂಡ್ರಾಯ್ಡ್‌ನ ಜೆಟ್‌ಪ್ಯಾಕ್ ಕಂಪೋಸ್‌ನಲ್ಲಿ ರೋ (ಅಡ್ಡಸಾಲು) ಒಳಗಿನ ಎರಡೂ ಟೆಕ್ಸ್ಟ್‌ಗಳಿಗೆ ‘ಅಲೈನ್‌ಬೈಬೇಸ್‌ಲೈನ್’ ಎಂಬ ಮಾಡಿಫೈಯರ್ (ಹೊಂದಿಕೆಯ ಸೂಚನೆ) ಕೊಡಬೇಕು. ಒಂದಕ್ಕೆ ಮಾತ್ರ ಕೊಟ್ಟರೆ ಇನ್ನೊಂದು ರೋದ ಸಾಮಾನ್ಯ ಹೊಂದಿಕೆಯನ್ನೇ ಅನುಸರಿಸುತ್ತದೆ. ಆಂಡ್ರಾಯ್ಡ್‌ನದೇ ಎಕ್ಸ್‌ಎಂಎಲ್ ವಿನ್ಯಾಸದಲ್ಲಿ ಅಡ್ಡಸಾಲಿನ ಲೀನಿಯರ್‌ಲೇಔಟ್ ತಾನಾಗಿಯೇ ಬೇಸ್‌ಲೈನ್ ಹೊಂದಿಸುತ್ತದೆಯಾದರೂ ಗ್ರಾವಿಟಿಯನ್ನು ‘ಸೆಂಟರ್ ವರ್ಟಿಕಲ್’ (ಮೇಲೆ-ಕೆಳಗಿನ ನಡುವಿಗೆ) ಎಂದಿಟ್ಟರೆ ಅದನ್ನು ಸದ್ದಿಲ್ಲದೆ ಕೈಬಿಡುತ್ತದೆ, ಮತ್ತು ‘ನಾನು ಏನೂ ಬದಲಿಸಿಲ್ಲವಲ್ಲ’ ಎಂಬ ಗೊಂದಲದ ಮೂಲ ಬಹುಪಾಲು ಇದೇ ಆಗಿರುತ್ತದೆ. ಫ್ಲಟರ್‌ನಲ್ಲಿ ರೋದ ಕ್ರಾಸ್‌ಆ್ಯಕ್ಸಿಸ್ (ಮೇಲೆ-ಕೆಳಗಿನ) ಹೊಂದಿಕೆಯನ್ನು ‘ಬೇಸ್‌ಲೈನ್’ ಎಂದಿಟ್ಟು ಜೊತೆಗೆ ಟೆಕ್ಸ್ಟ್‌ಬೇಸ್‌ಲೈನ್ ‘ಆಲ್ಫಬೆಟಿಕ್’ ಎಂದೂ ಹೇಳಬೇಕು, ಇಲ್ಲವಾದರೆ ದೋಷ ತೋರಿಸುತ್ತದೆ. ಐಫೋನ್ ಆ್ಯಪ್‌ಗಳ ಸ್ವಿಫ್ಟ್‌ಯುಐನಲ್ಲಿ ಅಡ್ಡಸಾಲಾದ ಎಚ್‌ಸ್ಟ್ಯಾಕ್‌ಗೆ ‘ಫಸ್ಟ್‌ಟೆಕ್ಸ್ಟ್‌ಬೇಸ್‌ಲೈನ್’ ಸಾಕು.

ಹೆಸರು ಎರಡು ಸಾಲಿಗೆ ಮುರಿದಾಗ ದರ ಯಾವ ಸಾಲಿಗೆ ಹೊಂದಬೇಕೆಂಬುದನ್ನು ಮೊದಲೇ ನಿರ್ಧರಿಸಿರಬೇಕು. ‘ಕೆಂಪುಗೋಟು’ ಎಂಬ ಹೆಸರಿನ ಕೆಳಗೆ ದಿನಾಂಕವೂ ಅದೇ ಟೆಕ್ಸ್ಟ್‌ನಲ್ಲಿದ್ದರೆ ದರವನ್ನು ಮೊದಲ ಬೇಸ್‌ಲೈನ್‌ಗೆ ಹೊಂದಿಸುವುದೇ ಸರಿ, ಏಕೆಂದರೆ ಓದುವವರು ಹೆಸರಿನಿಂದ ನೇರವಾಗಿ ದರಕ್ಕೆ ಕಣ್ಣು ಹಾಯಿಸುತ್ತಾರೆ. ಏರಿಳಿತದ ಬಾಣವನ್ನು ಚಿತ್ರವಾಗಿ ಇಟ್ಟರೆ ಅದಕ್ಕೆ ಸ್ವಂತ ಬೇಸ್‌ಲೈನ್ ಇರುವುದಿಲ್ಲ. ಬಾಣದ ಚಿಹ್ನೆಯನ್ನು ದರದ ಟೆಕ್ಸ್ಟ್‌ನೊಳಗೇ ಅಕ್ಷರವಾಗಿ ಸೇರಿಸಿದರೆ ಬೇರೆ ಹೊಂದಾಣಿಕೆ ಬೇಕಾಗದು. ಕೊನೆಯಲ್ಲಿ ಫೋನಿನ ಅಕ್ಷರವನ್ನು ಅತಿ ದೊಡ್ಡ ಗಾತ್ರಕ್ಕೆ ಇಟ್ಟು, ‘ಬೆಟ್ಟೆ’ ಮತ್ತು ‘ಚಾಲಿ’ ಸಾಲುಗಳನ್ನು ಒಂದರ ಕೆಳಗೊಂದು ಬರುವಂತೆ ಮಾಡಿ, ತೆರೆಯ ಮೇಲೆ ಕಾಗದದ ಅಂಚನ್ನು ಅಡ್ಡ ಹಿಡಿದು ಹೆಸರೂ ದರವೂ ಒಂದೇ ಗೆರೆಯಲ್ಲಿವೆಯೇ ಎಂದು ನೋಡಬೇಕು.